ಬಿ.ಎ. ಅರ್ಜಿಯ ಮೂರನೆಯ ವಿಷಯ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ಪಿಯುಸಿ ಆರ್ಟ್ಸ್ ಮುಗಿಸಿ ಡಿಗ್ರಿ ಅರ್ಜಿ ಹಿಡಿದು ನಿಂತಿರುವ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಈ ಪತ್ರ.

ಫಲಿತಾಂಶ ಬಂದ ವಾರ ಸೈನ್ಸ್ ಓದಿದವರ ಮನೆಯಲ್ಲಿ ಸಿಇಟಿ ರ್‍ಯಾಂಕಿನ ಮಾತು. ಕಾಮರ್ಸ್ ಓದಿದವರ ಮನೆಯಲ್ಲಿ ಬಿ.ಕಾಂ.ಗೆ ಹುಬ್ಬಳ್ಳಿಗೆ ಹೋಗುವುದೋ ಊರಲ್ಲೇ ಉಳಿಯುವುದೋ ಎಂಬ ಚರ್ಚೆ. ಆರ್ಟ್ಸ್ ಓದಿದವರ ಮನೆಯಲ್ಲಿ ಚರ್ಚೆಯೇ ಇರುವುದಿಲ್ಲ. "ಬಿ.ಎ. ಮಾಡ್ತಾಳ, ಆಮ್ಯಾಲ ಬಿ.ಎಡ್. ಮಾಡ್ತಾಳ" ಎಂದು ಅಪ್ಪ ಒಂದೇ ಉಸಿರಿನಲ್ಲಿ ಐದು ವರ್ಷದ ಲೆಕ್ಕ ಮುಗಿಸುತ್ತಾರೆ. ಅರ್ಜಿಯಲ್ಲಿ ಯಾವ ಮೂರು ವಿಷಯ ಬರೆಯಬೇಕು ಎಂಬ ಪ್ರಶ್ನೆ ಬಂದಾಗ ಮೊದಲೆರಡಕ್ಕೆ ಗೆಳತಿ ಏನು ಬರೆದಳೋ ಅದೇ. ಮೂರನೆಯದಕ್ಕೆ ಕೌಂಟರಿನಲ್ಲಿ ಕುಳಿತವರು "ಇದರಾಗ ಸೀಟು ಅದಾವ ನೋಡ" ಎಂದದ್ದು. ಈ ಪತ್ರ ಆ ಮೂರನೆಯ ವಿಷಯದ ಬಗ್ಗೆ.

ಕರ್ನಾಟಕದ ಪದವಿ ಪದ್ಧತಿ ಕೆಲವೇ ವರ್ಷಗಳಲ್ಲಿ ಎರಡು ಸಲ ಮಗ್ಗುಲು ಬದಲಿಸಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದಾಗ ನಾಲ್ಕು ವರ್ಷದ ಆನರ್ಸ್, ಮೇಜರ್, ಮೈನರ್, ಓಪನ್ ಇಲೆಕ್ಟಿವ್ ಎಂಬ ಮಾತುಗಳು ತಾಲೂಕು ಕಾಲೇಜುಗಳ ನೋಟಿಸ್ ಬೋರ್ಡಿಗೂ ಬಂದವು. ಅಧ್ಯಾಪಕರು ಅವುಗಳ ಅರ್ಥ ಹಿಡಿಯುವ ಹೊತ್ತಿಗೆ, ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂತು. 2024ರ ಮೇ ತಿಂಗಳಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಈಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ನಿಮ್ಮ ಕಾಲೇಜುಗಳಲ್ಲಿ ಬಿ.ಎ. ಎಂದರೆ ಮೂರು ವರ್ಷ, ಮೂರು ಮುಖ್ಯ ವಿಷಯ, ಜೊತೆಗೆ ಭಾಷೆಗಳು ಮತ್ತು ಕೆಲವು ಕಡ್ಡಾಯ ಪತ್ರಿಕೆಗಳು.

ಇನ್ನು ಮೈನರ್ ಎಂಬುದರ ಸಂಗತಿ. ಮುಖ್ಯ ವಿಷಯದ ಪಕ್ಕದಲ್ಲಿ ಇನ್ನೊಂದನ್ನು ಗೊತ್ತುಮಾಡಿದಷ್ಟು ಓದಿ ಅದನ್ನೂ ಅಂಕಪಟ್ಟಿಯಲ್ಲಿ ತೋರಿಸುವ ಏರ್ಪಾಡು ಅದು. ಯುಜಿಸಿ 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ಅದರಲ್ಲಿ 24 ಮೈನರ್‌ಗೆ. ಒಂದು ಕ್ರೆಡಿಟ್‌ಗೆ ಸೆಮಿಸ್ಟರಿನಲ್ಲಿ 15 ತಾಸು ಪಾಠ ಎಂದು ಹಿಡಿದರೆ 360 ತಾಸು. ಬೆಂಗಳೂರು, ಪುಣೆ, ಸೋನಿಪತ್‌ಗಳ ಖಾಸಗಿ ವಿಶ್ವವಿದ್ಯಾಲಯಗಳು 'ಲಿಬರಲ್ ಆರ್ಟ್ಸ್' ಎಂಬ ಹೆಸರಿನಲ್ಲಿ ಲಕ್ಷಗಟ್ಟಲೆ ಶುಲ್ಕ ಪಡೆದು ಕೊಡುವುದು ಈ ಬಗೆಯ ಜೋಡಣೆಯನ್ನೇ: ಇತಿಹಾಸಕ್ಕೆ ಅಂತರರಾಷ್ಟ್ರೀಯ ಸಂಬಂಧ, ಅರ್ಥಶಾಸ್ತ್ರಕ್ಕೆ ತತ್ವಶಾಸ್ತ್ರ. ಹಳಿಯಾಳದಲ್ಲೋ ಮುಂಡಗೋಡದಲ್ಲೋ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಹಿಡಿದ ಹುಡುಗ ಮೂರನ್ನೂ ಮೂರು ವರ್ಷ ಓದುತ್ತಾನೆ. ಪಾಠದ ತಾಸು ಎಣಿಸಿದರೆ ಅವನದೇನೂ ಕಡಿಮೆ ಬೀಳದು. ಕಡಿಮೆ ಬೀಳುವುದು ಬೇರೆ ಕಡೆ: ಆ ಮೂರು ವಿಷಯಗಳನ್ನು ಒಂದೇ ಪ್ರಶ್ನೆಯ ಸುತ್ತ ಕೂಡಿಸಿ ತೋರಿಸುವವರು ಅವನಿಗೆ ಸಿಗುವುದಿಲ್ಲ. ಇತಿಹಾಸದ ಸರ್ ತಮ್ಮ ನೋಟ್ಸ್ ಮುಗಿಸುತ್ತಾರೆ, ಅರ್ಥಶಾಸ್ತ್ರದ ಮೇಡಂ ತಮ್ಮ ನೋಟ್ಸ್ ಮುಗಿಸುತ್ತಾರೆ, ಗಂಟೆ ಬಾರಿಸುತ್ತದೆ.

ಅಂತರರಾಷ್ಟ್ರೀಯ ಸಂಬಂಧ ಎಂಬ ಪತ್ರಿಕೆ ಬಂದಾಗಲಂತೂ ವಿದ್ಯಾರ್ಥಿಗಳಿಗೆ ಅದು ನ್ಯೂಯಾರ್ಕಿನ ಯಾವುದೋ ಗಾಜಿನ ಕಟ್ಟಡದ ವಿಚಾರ. ಆದರೆ ಈ ನಾಲ್ಕು ತಾಲೂಕುಗಳಷ್ಟು ಚಿಕ್ಕ ಜಾಗದಲ್ಲಿ ಇಷ್ಟು ದೇಶಗಳ ಕಡತ ಒಟ್ಟುಗೂಡಿರುವ ಪ್ರದೇಶ ಕರ್ನಾಟಕದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಸ್ಟೇಷನ್ನಿನಿಂದ ಶುರುಮಾಡಬಹುದು. ಈಗ ಅಲ್ಲಿ ಮಳೆಗಾಲದಲ್ಲಿ ದೂಧಸಾಗರ ನೋಡುವವರ ಗದ್ದಲ. 1961ರ ಡಿಸೆಂಬರಿನವರೆಗೆ ಅದು ದೇಶದ ಕೊನೆಯ ಸ್ಟೇಷನ್. ಮುಂದಿನದು ಪೋರ್ಚುಗಲ್ಲಿನ ಆಡಳಿತ. ಈ ಸ್ಟೇಷನ್ ಅಲ್ಲಿ ಯಾಕೆ ಬಂತು ಎಂದು ಇತಿಹಾಸದ ವಿದ್ಯಾರ್ಥಿ ಕೇಳಿದರೆ 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದ ಸಿಗುತ್ತದೆ. ಆ ಒಪ್ಪಂದದಲ್ಲಿ ಬ್ರಿಟಿಷರು ಗೋವಾದ ಉಪ್ಪಿನ ತಯಾರಿಕೆಯ ಮೇಲೆ ಹಿಡಿತ ಪಡೆದರು, ಎರಡೂ ಕಡೆಯ ಸುಂಕವನ್ನು ಒಂದು ಮಾಡಿದರು, ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ಬರುವ ರೈಲಿಗೆ ದಾರಿಯಾಯಿತು. 1880ರ ದಶಕ ಮುಗಿಯುವ ಮೊದಲೇ ಹಳಿ ಕ್ಯಾಸಲ್‌ರಾಕ್ ಮುಟ್ಟಿತು. ಒಪ್ಪಂದ 1892ಕ್ಕೆ ಕೊನೆಗೊಂಡಿತು, ಹಳಿ ಉಳಿಯಿತು. ಗೋವಾದ ಉಪ್ಪಾರರಿಗೆ ಏನಾಯಿತು, ಸುಂಕ ಯಾರ ಬೊಕ್ಕಸಕ್ಕೆ ಹೋಯಿತು, ಘಟ್ಟದ ಮೇಲಿನ ವ್ಯಾಪಾರ ಕಾರವಾರವನ್ನು ಬಿಟ್ಟು ಮುರಗಾಂವ್ ಕಡೆ ಹೇಗೆ ತಿರುಗಿತು ಎಂಬುದು ಅರ್ಥಶಾಸ್ತ್ರದ ಪ್ರಶ್ನೆಗಳು.

ರಾಜ್ಯಶಾಸ್ತ್ರದವರ ಪಾಲಿಗೆ ಅದೇ ಸ್ಟೇಷನ್ನಿನಲ್ಲಿ ಇನ್ನೂ ದೊಡ್ಡ ಗಂಟಿದೆ. 1955ರಲ್ಲಿ ಗೋವಾ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಮೇಲೆ ಭಾರತ ಗಡಿ ಮುಚ್ಚಿತು, ರೈಲು ನಿಂತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪೋರ್ಚುಗಲ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, ದಾದ್ರಾ ಮತ್ತು ನಗರ್ ಹವೇಲಿಗೆ ಭಾರತದ ನೆಲದ ಮೂಲಕ ಹಾದುಹೋಗುವ ಹಕ್ಕು ತನಗಿದೆ ಎಂದು ದಾವೆ ಹೂಡಿತು. 1960ರ ಏಪ್ರಿಲ್‌ನಲ್ಲಿ ಬಂದ ತೀರ್ಪು ಭಾರತ ತನ್ನ ಹೊಣೆಯನ್ನು ಮುರಿದಿಲ್ಲ ಎಂದಿತು. 1961ರ ಡಿಸೆಂಬರ್ 18ರಂದು, ಸೇನೆ ಗೋವಾದೊಳಗೆ ಇದ್ದಾಗಲೇ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತದ ವಿರುದ್ಧದ ಗೊತ್ತುವಳಿಗೆ ಏಳು ಮತ ಬಿದ್ದವು. ಸೋವಿಯತ್ ಒಕ್ಕೂಟ ವೀಟೊ ಹಾಕಿತು. ಗೋವಾ ಭಾರತದ್ದು ಎಂದು ಪೋರ್ಚುಗಲ್ ಒಪ್ಪಿದ್ದು 1974ರಲ್ಲಿ, ತನ್ನ ಸರ್ವಾಧಿಕಾರ ಬಿದ್ದ ಮೇಲೆ. ವೀಟೊ ಎಂದರೇನು, ಅಂತರರಾಷ್ಟ್ರೀಯ ನ್ಯಾಯಾಲಯದ ವ್ಯಾಪ್ತಿ ಎಷ್ಟು, ಮಾನ್ಯತೆ ಎಂದರೇನು ಎಂಬ ಮೂರು ಪಾಠ ಇಲ್ಲಿ ಒಂದೇ ಪ್ಲಾಟ್‌ಫಾರ್ಮಿನ ಮೇಲೆ ಮುಗಿಯುತ್ತವೆ. ಸೆಮಿಸ್ಟರಿನ ಗೈಡಿನಲ್ಲಿ ಅವು ಮೂರು ಬೇರೆ ಬೇರೆ ಅಧ್ಯಾಯ. ಕ್ಯಾಸಲ್‌ರಾಕ್ ಯಾವುದರಲ್ಲೂ ಇಲ್ಲ.

ಜಿಲ್ಲೆಯ ಗಡಿಯ ಕತೆಯೂ ಇಂಥದ್ದೇ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬರುತ್ತಿರಲಿಲ್ಲ. ಧಾರವಾಡದ ಹತ್ತಿಯನ್ನು ಕಾರವಾರ ಬಂದರಿಗೆ ಇಳಿಸಬೇಕು, ಬಂದರು ತಮ್ಮ ಪ್ರಾಂತದಲ್ಲೇ ಇರಬೇಕು ಎಂದು ಮುಂಬಯಿಯ ವರ್ತಕರು ಪಟ್ಟು ಹಿಡಿದಿದ್ದರು. ನಿಮ್ಮ ಅಜ್ಜಂದಿರು ದಾವೆಗೆ, ಕಾಲೇಜಿಗೆ, ನೌಕರಿಗೆ ಮುಂಬಯಿಯತ್ತ ಮುಖ ಮಾಡಿದ್ದರ ಹಿಂದೆ ಈ ಹತ್ತಿಯ ಅಂಡಿಗೆಗಳಿವೆ.

ಮುಂಡಗೋಡದ ವಿಷಯಕ್ಕೆ ಬಂದರೆ ಪತ್ರ ಸ್ವಲ್ಪ ಉದ್ದವಾಗಬೇಕಾಗುತ್ತದೆ.

ಟಿಬೆಟಿಯನ್ ಕಾಲೊನಿಗೆ ಹೋಗದ ಮುಂಡಗೋಡಿನವರಿಲ್ಲ. ಹಬ್ಬದ ದಿನ ಮಾನೆಸ್ಟ್ರಿ ನೋಡುತ್ತಾರೆ, ಮೊಮೊ ತಿನ್ನುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಮೈಸೂರು ರಾಜ್ಯ ಸುಮಾರು ನಾಲ್ಕು ಸಾವಿರ ಎಕರೆ ಕಾಡುಭೂಮಿ ಕೊಟ್ಟು ಶುರುವಾದ ವಸತಿ ಅದು; ಹೆಸರು ದೊಗುಲಿಂಗ್. ಕರ್ನಾಟಕದಲ್ಲಿ ಇಂಥ ಐದು ವಸತಿಗಳಿವೆ. ಇಲ್ಲಿನ ಜನ ಗೋವಿನಜೋಳ ಬೆಳೆಯುತ್ತಾರೆ, ಚಳಿಗಾಲದಲ್ಲಿ ದೇಶದ ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾರೆ. ಕಾನೂನಿನ ಕಣ್ಣಿನಲ್ಲಿ ಅವರು ಯಾರು? ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯನ್ನೂ ಮಾಡಿಲ್ಲ. ಆದ್ದರಿಂದ ಕಾಯ್ದೆಯ ಭಾಷೆಯಲ್ಲಿ ಅವರು ವಿದೇಶಿಯರು. ನೋಂದಣಿ ಪತ್ರ ಇಟ್ಟುಕೊಂಡಿರಬೇಕು, ಆಗಾಗ ನವೀಕರಿಸಬೇಕು, ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಗುರುತಿನ ಪ್ರಮಾಣಪತ್ರವೊಂದನ್ನು ಹಿಡಿಯಬೇಕು. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ಹೊರದೇಶದವರು ಕಾಲೊನಿಯಲ್ಲಿ ತಂಗಲು ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು. ಪಕ್ಕದ ಹಳ್ಳಿಯವರಿಗೆ ಬೈಕಿನಲ್ಲಿ ಹತ್ತು ನಿಮಿಷದ ದಾರಿ.

ಈ ಚಿತ್ರವನ್ನು ಸ್ವಲ್ಪ ಅಲುಗಾಡಿಸಿದ ಒಂದು ಪ್ರಕರಣ ನಡೆದದ್ದು ನಮ್ಮದೇ ಹೈಕೋರ್ಟಿನಲ್ಲಿ. ಮುಂಡಗೋಡದ ಡ್ರೆಪುಂಗ್ ಮಠದಲ್ಲಿ ಓದಿದ ಧರ್ಮಗುರು ಲಿಂಗ್ ರಿಂಪೋಚೆ, ತಾವು ಭಾರತದಲ್ಲೇ ಹುಟ್ಟಿದವರು, ಪಾಸ್‌ಪೋರ್ಟ್ ಕೊಡಿ ಎಂದು ಕೇಳಿದರು. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಅವರ ಮಾತನ್ನು ಎತ್ತಿಹಿಡಿಯಿತು. ಪ್ರಜೆಗಳಾಗುವುದೋ ನಿರಾಶ್ರಿತರಾಗಿಯೇ ಉಳಿದು ಟಿಬೆಟಿನ ಹಕ್ಕನ್ನು ಜೀವಂತ ಇಡುವುದೋ ಎಂಬ ಚರ್ಚೆ ಕ್ಯಾಂಪುಗಳ ಮನೆಮನೆಯಲ್ಲಿ ಇಂದಿಗೂ ಇದೆ. ರಾಜ್ಯಶಾಸ್ತ್ರ ಓದುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ವಿಷಯ ದಿಲ್ಲಿಯಲ್ಲೂ ಸಿಗದು.

ಕಾಲೊನಿಯಲ್ಲಿ ಇನ್ನೊಂದಿದೆ. ಗಾದೆನ್ 1409ರಲ್ಲಿ, ಡ್ರೆಪುಂಗ್ 1416ರಲ್ಲಿ ಲ್ಹಾಸಾದ ಹತ್ತಿರ ಹುಟ್ಟಿದ ವಿದ್ಯಾಪೀಠಗಳು. ಮುಂಡಗೋಡದಲ್ಲಿ ಮತ್ತೆ ಕಟ್ಟಿಕೊಂಡವು. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಅಂದರೆ ಧಾರವಾಡಕ್ಕೆ ಬಸ್ಸು ಹತ್ತುವ ಮೊದಲೇ ನಿಮ್ಮ ಬಗಲಲ್ಲಿ ಅದಕ್ಕಿಂತ ಐನೂರು ವರ್ಷ ಹಿರಿಯ ಪರಂಪರೆಯ ಎರಡು ವಿಶ್ವವಿದ್ಯಾಲಯಗಳಿವೆ. ಅಲ್ಲಿನ ಗೆಶೆ ಪದವಿಗೆ ಪ್ರಮಾಣ, ಪ್ರಜ್ಞಾಪಾರಮಿತ, ಮಾಧ್ಯಮಕ, ಅಭಿಧರ್ಮ, ವಿನಯ ಎಂಬ ಐದು ಪಠ್ಯ. ಓದು ಹದಿನೈದು ಇಪ್ಪತ್ತು ವರ್ಷ. ಓದಿದ್ದನ್ನು ಅಂಗಳದಲ್ಲಿ ಚಪ್ಪಾಳೆ ತಟ್ಟಿ, ಎದುರಾಳಿಯ ಮುಂದೆ ವಾದ ಮಾಡಿ ಗೆಲ್ಲಬೇಕು. ಗೈಡು ನಂಬಿ ಪಾಸಾಗುವ ದಾರಿ ಅಲ್ಲಿಲ್ಲ. ಇದು ಹಳೆಯ ಕಾಲದ ಸಂಪ್ರದಾಯ ಎಂದು ಬದಿಗಿಡುವ ಹಾಗೂ ಇಲ್ಲ: 2006ರಿಂದ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಜೊತೆ ಸೇರಿ ಭಿಕ್ಷುಗಳಿಗೆ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನ ಕಲಿಸುವ ಯೋಜನೆ ಬೆಳೆಯಿತು. 2013ರ ಜನವರಿಯಲ್ಲಿ ದಲೈ ಲಾಮಾ ಮತ್ತು ವಿಜ್ಞಾನಿಗಳ ಸಂವಾದ ಡ್ರೆಪುಂಗ್‌ನಲ್ಲೇ ನಡೆಯಿತು. 2016ರ ಡಿಸೆಂಬರಿನಲ್ಲಿ ಇದೇ ಮುಂಡಗೋಡದಲ್ಲಿ ಇಪ್ಪತ್ತು ಭಿಕ್ಷುಣಿಯರು ಗೆಶೆಮಾ ಪದವಿ ಪಡೆದರು. ಟಿಬೆಟಿಯನ್ ಭಿಕ್ಷುಣಿಯರಿಗೆ ಆ ಪದವಿ ಸಿಕ್ಕದ್ದು ಅದೇ ಮೊದಲು. ಎಮೊರಿಯ ಪ್ರಾಧ್ಯಾಪಕರು ವಿಮಾನ ಹತ್ತಿ ಬರುವ ಜಾಗಕ್ಕೆ ಮುಂಡಗೋಡದ ಬಿ.ಎ. ತರಗತಿ ಒಂದು ದಿನದ ಮಟ್ಟಿಗೂ ಪಾಠ ಕೇಳಲು ಹೋಗುವುದಿಲ್ಲ ಎಂದರೆ ಅದಕ್ಕೆ ಅನುದಾನದ ಕೊರತೆ ಕಾರಣವಾಗಲಾರದು.

ಆಫ್ರಿಕನ್ ಮೂಲದ ಸಿದ್ದಿಗಳ ವಿಚಾರದಲ್ಲೂ ಹೊರಗಿನವರೇ ಮುಂದು. ಪ್ರೊ. ಟಿ.ಸಿ. ಪಾಲಾಕ್ಷಪ್ಪ 1976ರಲ್ಲಿ ಉತ್ತರ ಕನ್ನಡದ ಸಿದ್ದಿಗಳ ಮೇಲೆ ಒಂದು ಪುಸ್ತಕ, 1978ರಲ್ಲಿ ಮುಂಡಗೋಡದ ಟಿಬೆಟಿಯನ್ನರ ಮೇಲೆ ಇನ್ನೊಂದು ಪುಸ್ತಕ ತಂದರು. ಒಬ್ಬರೇ ವಿದ್ವಾಂಸರು ಎರಡೂ ಸಮುದಾಯಗಳನ್ನು ನೋಡಿದ್ದರು ಎಂಬುದೇ ನಿಮ್ಮ ಸೀಮೆಯ ವಿಶೇಷ. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟ ಹತ್ತಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದ ಕಾಡಂಚಿನಲ್ಲಿ ಊರು ಕಟ್ಟಿದರು. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿಗಳನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ತೂಗುಹಾಕಿಸಿದರು. ವಿಶ್ವಸಂಸ್ಥೆ 2015ರಿಂದ 2024ರವರೆಗೆ ಆಫ್ರಿಕನ್ ಮೂಲದ ಜನರ ದಶಕ ಆಚರಿಸಿತು, 2025ರಿಂದ ಎರಡನೆಯ ದಶಕ ನಡೆಯುತ್ತಿದೆ. ಸಿದ್ದಿ ಸಮುದಾಯದ ಪದವೀಧರ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು.

ಈ ಜನರ ಪೂರ್ವಜರನ್ನು ಹೊತ್ತು ತಂದ ಹಡಗುಗಳ ಕಾಲದ ದಾಖಲೆಗಳಿಗೆ ತುಂಬ ದೂರ ಹೋಗಬೇಕಿಲ್ಲ. ಪಣಜಿಯ ಪತ್ರಾಗಾರದಲ್ಲಿ ಪೋರ್ಚುಗೀಸ್ ಆಡಳಿತದ ಕಡತಗಳಿವೆ. ಆ ಪತ್ರಾಗಾರಕ್ಕೆ 1595ರಲ್ಲಿ ಬುನಾದಿ ಬಿತ್ತು. ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಎಂ.ಎ. ಮಾಡಬಹುದು. ಕೊಂಕಣಿ ಮನೆಮಾತಾಗಿರುವ ಜೋಯಿಡಾದ ಹುಡುಗನಿಗೆ ಗೋವಾ ಪರಊರೇನೂ ಅಲ್ಲ. ಇತಿಹಾಸದ ಬಿ.ಎ., ಆಮೇಲೆ ಪೋರ್ಚುಗೀಸ್: ಈ ದಾರಿ ಹಿಡಿದು ಸಿದ್ದಿಗಳ ಕತೆಯನ್ನು ಸಿದ್ದಿಯೊಬ್ಬರೇ ಬರೆಯುವ ದಿನ ಬರಬೇಕು.

ಕುಣಬಿ ಸಮುದಾಯದ ಕಡೆ ನೋಡಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದೇ ವರ್ಷ ಗೋವಾದ ಕುಣಬಿಗಳೂ ಸೇರಿದರು. ಅಣಮೋಡ ಘಟ್ಟದ ಈಚೆಗಿನ ಜೋಯಿಡಾದ ಕುಣಬಿಗಳು ಮಾತ್ರ ಇನ್ನೂ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಅದೇ ಗೆಡ್ಡೆಗೆಣಸು, ಅದೇ ಕುಮರಿ ಬೇಸಾಯದ ನೆನಪು, ನೆಂಟಸ್ತಿಕೆಯೂ ಉಂಟು. ನಡುವೆ ಒಂದು ಗಡಿ. ಸುಪಾ ಅಣೆಕಟ್ಟಿನಲ್ಲಿ ಊರು ಮುಳುಗಿ ರಾಮನಗರಕ್ಕೆ ಬಂದವರ ಮೊಮ್ಮಕ್ಕಳು ಸಮಾಜಶಾಸ್ತ್ರ ಓದುವುದಾದರೆ ಪುನರ್ವಸತಿ ಎಂಬ ಅಧ್ಯಾಯವನ್ನು ಪುಸ್ತಕದಿಂದ ಬಾಯಿಪಾಠ ಮಾಡುವ ಅಗತ್ಯ ಅವರಿಗಿಲ್ಲ.

ಹಳಿಯಾಳದ ಕಬ್ಬಿಗೂ ಜಿನೀವಾಕ್ಕೂ ಏನು ಸಂಬಂಧ ಎಂದು ಯಾರಾದರೂ ನಗಬಹುದು. ಆಸ್ಟ್ರೇಲಿಯಾ, ಬ್ರೆಜಿಲ್, ಗ್ವಾಟೆಮಾಲಾ ದೇಶಗಳು 2019ರಲ್ಲಿ ಜಿನೀವಾದ ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಭಾರತದ ಮೇಲೆ ದೂರು ಕೊಟ್ಟವು: ಕಬ್ಬಿಗೆ ಸರ್ಕಾರ ಕೊಡಿಸುವ ಬೆಲೆ, ಸಕ್ಕರೆ ರಫ್ತಿಗೆ ಕೊಡುವ ನೆರವು ನಿಯಮಕ್ಕೆ ಹೊರಗು ಎಂದು. 2021ರ ಡಿಸೆಂಬರಿನಲ್ಲಿ ಸಮಿತಿ ಆ ದೇಶಗಳ ಪರ ವರದಿ ಕೊಟ್ಟಿತು. ಭಾರತ ಮೇಲ್ಮನವಿ ಹಾಕಿತು. ಮೇಲ್ಮನವಿ ಕೇಳುವ ಪೀಠಕ್ಕೆ ಸದಸ್ಯರ ನೇಮಕವನ್ನು ಅಮೆರಿಕ ತಡೆದಿರುವುದರಿಂದ ಕಡತ ಅಲ್ಲೇ ಕೂತಿದೆ. ಕಬ್ಬಿನ ಆ ಬೆಲೆಯ ಹೆಸರು ಎಫ್‌ಆರ್‌ಪಿ. ಹಳಿಯಾಳದ ಯಾವ ಕಬ್ಬಿನ ಗದ್ದೆಯಲ್ಲಿ ಕೇಳಿದರೂ ಅದರ ಈ ವರ್ಷದ ದರ ಹೇಳುತ್ತಾರೆ. ದಾಂಡೇಲಿಯ ಕಾಗದ ಕಾರ್ಖಾನೆಯ ಲಾಭನಷ್ಟಕ್ಕೆ 2010ರಿಂದ ಜಾರಿಯಲ್ಲಿರುವ ಆಸಿಯಾನ್ ವ್ಯಾಪಾರ ಒಪ್ಪಂದದ ನಂಟಿದೆ. ಕಾಳಿ ನದಿ ಕೆಳಗೆ ಹರಿದು ಕೈಗಾ ಅಣು ವಿದ್ಯುತ್ ಸ್ಥಾವರ ಮುಟ್ಟುತ್ತದೆ. ಅಮೆರಿಕದ ಜೊತೆಗಿನ ಅಣು ಒಪ್ಪಂದಕ್ಕಾಗಿ 2006ರಲ್ಲಿ ಭಾರತ 22 ರಿಯಾಕ್ಟರುಗಳ ಪೈಕಿ 14ನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸುವುದಾಗಿ ಹೇಳಿದಾಗ ಹೊರಗೆ ಇಟ್ಟುಕೊಂಡ ಎಂಟರಲ್ಲಿ ಕೈಗಾದ ನಾಲ್ಕೂ ಸೇರಿದ್ದವು.

ಹಾಗಾದರೆ ಅರ್ಜಿಯಲ್ಲಿ ಏನು ಬರೆಯುವುದು? ಈ ಪತ್ರದ ಅಭಿಪ್ರಾಯ ನೇರವಾಗಿದೆ: ಇತಿಹಾಸ ಮತ್ತು ರಾಜ್ಯಶಾಸ್ತ್ರ ಬರೆದವರು ಮೂರನೆಯದಾಗಿ ಅರ್ಥಶಾಸ್ತ್ರ ಬರೆಯಿರಿ. ಲೆಕ್ಕ ಬರುತ್ತದೆಂಬ ಹೆದರಿಕೆಯಿಂದ ಆರ್ಟ್ಸ್‌ನವರು ಬಿಡುವ ವಿಷಯ ಅದು. ಸುಂಕ, ವಿನಿಮಯ ದರ, ಸಬ್ಸಿಡಿ ತಿಳಿಯದೆ ಅಂತರರಾಷ್ಟ್ರೀಯ ಸಂಬಂಧ ಓದುವುದು ಬರೀ ನಾಯಕರ ಕೈಕುಲುಕುವಿಕೆ ನೋಡಿದ ಹಾಗೆ. ಮುಂಡಗೋಡ, ಯಲ್ಲಾಪುರ ಕಡೆಯವರು ಸಮುದಾಯಗಳ ಜೊತೆ ಕೆಲಸ ಮಾಡುವ ಮನಸ್ಸಿದ್ದರೆ ಸಮಾಜಶಾಸ್ತ್ರ ಹಿಡಿಯಬಹುದು. ಮೂರಕ್ಕೂ ಯಾರೋ ಸುಲಭ ಎಂದು ಹೇಳಿದ ವಿಷಯಗಳನ್ನೇ ಆರಿಸಿಕೊಳ್ಳುವುದು ಮಾತ್ರ ಬೇಡ. ನಿಮ್ಮ ಕಾಲೇಜಿನಲ್ಲಿ ಇಲ್ಲದ ವಿಷಯಕ್ಕೆ ಸ್ವಯಂ ಎಂಬ ಕೇಂದ್ರ ಸರ್ಕಾರದ ಆನ್‌ಲೈನ್ ವೇದಿಕೆ ಇದೆ. ವಿಶ್ವವಿದ್ಯಾಲಯ ಒಪ್ಪಿದರೆ ಶೇ. 40ರವರೆಗಿನ ಕ್ರೆಡಿಟ್ ಅಲ್ಲಿಂದ ತರಲು ಯುಜಿಸಿ ಬಿಟ್ಟಿದೆ. ಅದನ್ನೇ ನಿಮ್ಮ ಖಾಸಾ ಮೈನರ್ ಮಾಡಿಕೊಳ್ಳಿ.

ಹೀಗೆ ಬೇರೆ ಬೇರೆ ವಿಷಯ ಕೂಡಿಸಿ ಓದಿದವರು ಎಲ್ಲಿ ಮುಟ್ಟಿದರು ಎಂಬುದಕ್ಕೆ ಕನ್ನಡ ಕರಾವಳಿಯಲ್ಲೇ ಎರಡು ಹೆಸರು. ಮಂಗಳೂರಿನ ಬೆನಗಲ್ ನರಸಿಂಗ ರಾಯರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ. ಆಮೇಲೆ ಕೇಂಬ್ರಿಜ್‌ನಲ್ಲಿ ಗಣಿತ. ಸಂವಿಧಾನ ಸಭೆಯ ಸಲಹೆಗಾರರಾದರು, ಬರ್ಮಾದ ಸಂವಿಧಾನಕ್ಕೂ ನೆರವಾದರು, 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಹೊತ್ತಿದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಅವರೇ. 1952ರಲ್ಲಿ ಹೇಗ್‌ನ ನ್ಯಾಯಾಧೀಶರಾದರು. ಇನ್ನೊಬ್ಬರು ನಿಮ್ಮ ಜಿಲ್ಲೆಯವರೇ, ಅಂಕೋಲೆಯ ದಿನಕರ ದೇಸಾಯಿ. ಚುಟುಕದ ಕವಿ ಎಂದು ಎಲ್ಲರಿಗೂ ಗೊತ್ತು. ಕಲ್ಯಾಣ ಚಾಲುಕ್ಯರ ಮಹಾಮಂಡಲೇಶ್ವರರ ಮೇಲೆ ಇತಿಹಾಸದ ಸಂಶೋಧನೆ ಮಾಡಿ, ಮುಂಬಯಿಯಲ್ಲಿ ಹಡಗಿನ ಕಾರ್ಮಿಕರನ್ನು ಸಂಘಟಿಸಿ, ಭಾರತದ ನಾವಿಕ ಕಾರ್ಮಿಕರ ಸ್ಥಿತಿಗತಿಯ ಬಗ್ಗೆ 1940ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು ಎಂಬುದು ಕಡಿಮೆ ಜನರಿಗೆ ಗೊತ್ತು. ರೈತ ಚಳವಳಿಗಾಗಿ ಜಿಲ್ಲೆಯಿಂದ ಗಡೀಪಾರಾದರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು, 1967ರಲ್ಲಿ ಲೋಕಸಭೆಗೆ ಹೋದರು. ಟ್ರಸ್ಟಿನ ಜನತಾ ವಿದ್ಯಾಲಯ ದಾಂಡೇಲಿಯಲ್ಲೂ ಇದೆ. ಈ ಪತ್ರ ಓದುವ ಕೆಲವರು ಅಲ್ಲಿಯೇ ಎಸ್ಸೆಸ್ಸೆಲ್ಸಿ ಮುಗಿಸಿದವರು.

ಬಿ.ಎ. ಮುಗಿದ ಮೇಲಿನ ದಾರಿಗಳು ಜನ ಅಂದುಕೊಂಡದ್ದಕ್ಕಿಂತ ಹತ್ತಿರದಲ್ಲಿವೆ. ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಂಬಂಧ ಮತ್ತು ರಾಜ್ಯಶಾಸ್ತ್ರದ ಎಂ.ಎ. ಇದೆ, ಕಾರವಾರದಿಂದ ರೈಲು ಹತ್ತಿದರೆ ಒಂದು ಹಗಲಿನ ಹಾದಿ. ಮಣಿಪಾಲದಲ್ಲಿ ಭೂರಾಜಕೀಯಕ್ಕೇ ಒಂದು ವಿಭಾಗವಿದೆ, ಶುಲ್ಕ ಹೆಚ್ಚು. ದಿಲ್ಲಿಯ ಜೆಎನ್‌ಯುನಲ್ಲಿ 1955ರಲ್ಲಿ ಸಪ್ರೂ ಹೌಸ್‌ನಲ್ಲಿ ಹುಟ್ಟಿ 1970ರಲ್ಲಿ ಆ ವಿಶ್ವವಿದ್ಯಾಲಯದೊಳಗೆ ಸೇರಿದ ಅಂತರರಾಷ್ಟ್ರೀಯ ಅಧ್ಯಯನ ಶಾಲೆ ಇದೆ. ಪಿಯುಸಿ ಮುಗಿಸಿದವರು ಈಗಲೇ ಹೊರಗೆ ಹೋಗುವುದಾದರೆ ಜೆಎನ್‌ಯುನ ವಿದೇಶಿ ಭಾಷೆಗಳ ಬಿ.ಎ.ಗೆ ಸಿಯುಇಟಿ ಪರೀಕ್ಷೆ ಬರೆಯಬಹುದು. ಆ ಪರೀಕ್ಷೆ ನಡೆಯುವ ಹದಿಮೂರು ಭಾಷೆಗಳಲ್ಲಿ ಕನ್ನಡವೂ ಒಂದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮನೆಯ ಆದಾಯ ನೋಡಿ ಶುಲ್ಕವನ್ನೂ ಹಾಸ್ಟೆಲನ್ನೂ ಪೂರ್ತಿ ಮಾಫಿ ಮಾಡುವುದುಂಟು. ಪರಿಶಿಷ್ಟ ಪಂಗಡದವರಿಗೆ, ಎಂದರೆ ಸಿದ್ದಿಗಳಿಗೂ, ವಿದೇಶದಲ್ಲಿ ಉನ್ನತ ಓದಿಗೆ ಕೇಂದ್ರ ಬುಡಕಟ್ಟು ಸಚಿವಾಲಯ ವರ್ಷಕ್ಕೆ ಇಪ್ಪತ್ತು ಮಂದಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧ ಒಂದೇ ಐಚ್ಛಿಕ ವಿಷಯ. ಉತ್ತರಗಳನ್ನು ಕನ್ನಡದಲ್ಲೇ ಬರೆಯಬಹುದು. ಊರಲ್ಲೇ ಉಳಿಯುವ ಹೆಣ್ಣುಮಕ್ಕಳಿಗೆ ಧಾರವಾಡದ ಗ್ರಂಥಾಲಯಕ್ಕೆ ಹೋಗಿಬರಲು ವಾಯವ್ಯ ಸಾರಿಗೆಯ ಕೆಂಪು ಬಸ್ಸಿನಲ್ಲಿ 2023ರ ಜೂನ್‌ನಿಂದ ಟಿಕೆಟ್ ದುಡ್ಡೂ ಬೇಡ.

ಪಾಲಕರಿಗೆ ಮರೆಮಾಚದೆ ಹೇಳಬೇಕಾದ ಮಾತೊಂದಿದೆ. ಈ ಓದು ಮುಗಿದ ಮರುದಿನ ನೌಕರಿ ಕೊಡುವುದಿಲ್ಲ. ರಾಯಭಾರಿಯಾಗುವವರು ಬೆರಳೆಣಿಕೆ, ಹೆಚ್ಚಿನವರು ಶಿಕ್ಷಕರು, ಪಿಡಿಒ, ವಕೀಲರು, ಪತ್ರಕರ್ತರು, ಭಾಷಾಂತರಕಾರರು ಆಗುತ್ತಾರೆ. ಇಂಗ್ಲಿಷಿನ ಅಡ್ಡಿಯೂ ನಿಜ. ಅಂತರರಾಷ್ಟ್ರೀಯ ಸಂಬಂಧದ ಒಳ್ಳೆಯ ಪುಸ್ತಕಗಳು ಕನ್ನಡದಲ್ಲಿ ಕಡಿಮೆ; ಪಾಲಾಕ್ಷಪ್ಪನವರ ಆ ಎರಡು ಪುಸ್ತಕಗಳೂ ಇಂಗ್ಲಿಷಿನವೇ. ಮೂರು ವರ್ಷದಲ್ಲಿ ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವಷ್ಟು ಆಗಲೇಬೇಕು. ಮಾತಾಡಲು ಬಾರದಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಅದು ಆಮೇಲೆ ಬರುತ್ತದೆ.

ನಾಲ್ಕು ತಾಲೂಕುಗಳ ಅಧ್ಯಾಪಕರಿಗೂ ಈ ಪತ್ರದ ಒಂದು ಪ್ರತಿ ಸಲ್ಲುತ್ತದೆ. ದಾಂಡೇಲಿಯ ಅರ್ಥಶಾಸ್ತ್ರದವರು ಒಂದು ಶನಿವಾರ ಹಳಿಯಾಳಕ್ಕೆ, ಹಳಿಯಾಳದ ಇತಿಹಾಸದವರು ಒಂದು ಶನಿವಾರ ಜೋಯಿಡಾಕ್ಕೆ ಹೋಗಿ ಪಾಠ ಮಾಡಲು ಯಾವ ನೀತಿಯೂ ಅಡ್ಡಬರುವುದಿಲ್ಲ. ವರ್ಷಕ್ಕೊಮ್ಮೆ ನಾಲ್ಕೂ ಕಾಲೇಜುಗಳ ಮಕ್ಕಳನ್ನು ಒಂದೇ ಬಸ್ಸಿನಲ್ಲಿ ಕ್ಯಾಸಲ್‌ರಾಕ್‌ಗೂ ಮುಂಡಗೋಡದ ಲಾಮಾ ಕ್ಯಾಂಪಿಗೂ ಕರೆದೊಯ್ದು ವರದಿ ಬರೆಸಿದರೆ, ಅದೇ ಅವರ ಪ್ರಾಜೆಕ್ಟ್.

ವಿದ್ಯಾರ್ಥಿಗಳಲ್ಲಿ ಕೊನೆಯ ವಿನಂತಿ ಇಷ್ಟು. ಅರ್ಜಿ ಕೊಡುವ ಮೊದಲು ಕಾಲೇಜಿಗೆ ಹೋಗಿ, ಕೌಂಟರಿನಲ್ಲಿ ವಿಚಾರಿಸುವುದರ ಜೊತೆಗೆ ರಾಜ್ಯಶಾಸ್ತ್ರದ ಅಧ್ಯಾಪಕರನ್ನೂ ಕಾಣಿ. ಅಂತರರಾಷ್ಟ್ರೀಯ ಸಂಬಂಧದ ಪತ್ರಿಕೆ ಯಾವ ಸೆಮಿಸ್ಟರಿನಲ್ಲಿದೆ, ಅರ್ಥಶಾಸ್ತ್ರದ ಜೊತೆ ವೇಳಾಪಟ್ಟಿ ಹೊಂದುತ್ತದೆಯೇ, ಸ್ವಯಂ ಕ್ರೆಡಿಟ್ ಒಪ್ಪುತ್ತಾರೆಯೇ ಎಂದು ಕೇಳಿ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಲು ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ಈಗಲೇ ತೆಗೆದಿಡಿ. ಒಬ್ಬರು ಕೇಳಿದರೆ "ನೋಡೋಣ" ಎನ್ನುವ ಪ್ರಾಚಾರ್ಯರು ಹತ್ತು ಮಂದಿ ಕೇಳಿದರೆ ವೇಳಾಪಟ್ಟಿ ತೆರೆದು ಕೂರುತ್ತಾರೆ. ಗುಂಪಾಗಿ ಹೋಗಿ.